ಮೂಲಿಕೆಗೊಂದು ಒರೆಗಲ್ಲು

ಗಿಡಮೂಲಿಕೆಯ ಮದ್ದಿನಲ್ಲಿ ನಮ್ಮ ಜನರು ಇಟ್ಟಿರುವ ನಂಬಿಕೆಗೆ ಮುಖ್ಯ ಆಧಾರವೊಂದೇ: ತಲೆತಲಾಂತರದಿಂದ ಬಳಸುತ್ತ ಬಂದಿದ್ದಾರೆ, ಯಾರಿಗೂ ಏನೂ ಆಗಿಲ್ಲ. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ತಿಂದೊಡನೆ ವಾಂತಿ ತರಿಸುವ, ತಲೆ ಸುತ್ತಿಸುವ ಸೊಪ್ಪನ್ನು ಹಿರಿಯರು ಒಂದೆರಡು ಅನುಭವದಲ್ಲಿಯೇ ಗುರುತಿಸಿ ದೂರವಿಟ್ಟರು. ಆದರೆ ಇಂದು ಕುಡಿದ ಕಷಾಯ ಹತ್ತಾರು ವರ್ಷಗಳ ಅನಂತರ ಕೇಡು ಮಾಡುವುದಾದರೆ, ಆ ಬೇರಿಗೂ ಆ ರೋಗಕ್ಕೂ ಇರುವ ನಂಟನ್ನು ಯಾವ ಅಜ್ಜಿ ತಾನೆ ಗುರುತಿಸಿಯಾಳು?

ಇಂಥದೊಂದು ಕೇಡು ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ ನಡೆಯಿತು. 1990ರ ದಶಕದ ಮೊದಲಲ್ಲಿ, ಮೈಯ ಬೊಜ್ಜು ಕರಗಲೆಂದು ಚೀನೀ ಮೂಲಿಕೆ ಬೆರೆತ ಗುಳಿಗೆಗಳನ್ನು ನುಂಗಿದ ಹಲವು ಹೆಂಗಸರ ಮೂತ್ರಪಿಂಡಗಳು ಕಾಣಕಾಣುತ್ತಲೇ ಕೆಟ್ಟುಹೋದವು. ವೈದ್ಯರು 1993ರಲ್ಲಿ ಸಂಗತಿಯನ್ನು ಪ್ರಕಟಿಸಿದರು. ಸ್ಟೆಫಾನಿಯ ಎಂಬ ಮೂಲಿಕೆಯಿರಬೇಕಾದ ಕಡೆ, ಚೀನೀ ಹೆಸರುಗಳ ಹೋಲಿಕೆಯಿಂದಾಗಿ, ಅರಿಸ್ಟೊಲೋಕಿಯ ಎಂಬ ಬೇರೊಂದು ಬಳ್ಳಿಯ ಬೇರು ಸೇರಿಹೋಗಿತ್ತು! ದುರಂತ ಅಲ್ಲಿಗೇ ಮುಗಿಯಲಿಲ್ಲ. ಕೆಟ್ಟ ಮೂತ್ರಪಿಂಡಗಳನ್ನೂ ಮೂತ್ರನಾಳಗಳನ್ನೂ ತೆಗೆಸಿಕೊಂಡ 39 ರೋಗಿಗಳಲ್ಲಿ 18 ಮಂದಿಗೆ ಮೂತ್ರಮಾರ್ಗದ ಕ್ಯಾನ್ಸರ್ ತಗುಲಿದೆಯೆಂದು 2000ದಲ್ಲಿ ತಿಳಿದುಬಂದಿತು.

ಆ ಬೇರಿನಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವು ದೇಹದೊಳಗೆ ರೂಪಾಂತರ ಹೊಂದಿ, ಜೀವಕೋಶದ ಡಿ.ಎನ್.ಎ.ಗೆ ಅಂಟಿಕೊಳ್ಳುತ್ತದೆ. ಓಲೆಗರಿಯನ್ನು ಪ್ರತಿಮಾಡುವ ಲಿಪಿಕಾರನು ಒಂದಕ್ಷರ ತಪ್ಪಿದರೆ, ಅವನ ಪ್ರತಿಯಿಂದ ಹುಟ್ಟುವ ಪ್ರತಿಗಳಿಗೆಲ್ಲ ಆ ತಪ್ಪು ಹರಡುವುದಷ್ಟೆ. ಜೀವಕೋಶ ಒಡೆದು ಎರಡಾಗುವಾಗಲೂ ಹಾಗೆಯೇ. ತಪ್ಪು ಬಿದ್ದ ಜಾಗ ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ವಂಶವಾಹಿಯಲ್ಲಿದ್ದರೆ, ಕ್ಯಾನ್ಸರಿಗೆ ಬಾಗಿಲು ತೆರೆದಂತಾಯಿತು.

ಇಂಥ ಮರೆಯ ಕೇಡನ್ನು ಮೊದಲೇ ಅರಿಯುವ ಪರೀಕ್ಷೆಗಳಲ್ಲಿ ಅತ್ಯಂತ ಸರಳವಾದುದಕ್ಕೆ ಬೇಕಾದದ್ದು ಅಡುಗೆಮನೆಯ ಈರುಳ್ಳಿ! ಸ್ವೀಡನ್ನಿನ ಆಲ್ಬರ್ಟ್ ಲೆವಾನ್ 1938ರಲ್ಲಿ ತೋರಿಸಿಕೊಟ್ಟ ಮಾರ್ಗವಿದು. ಈರುಳ್ಳಿಯ ಬುಡವನ್ನು ನೀರಿಗೆ ತಾಗಿಸಿಟ್ಟರೆ ಎರಡು ಮೂರು ದಿನಗಳಲ್ಲಿ ಬಿಳಿಯ ಬೇರುಗಳು ಇಳಿಯುತ್ತವೆ. ಬಳಿಕ ಕೆಲವು ಗಡ್ಡೆಗಳನ್ನು ಮೂಲಿಕೆಯ ಸಾರದಲ್ಲಿಯೂ ಕೆಲವನ್ನು ಬರಿಯ ನೀರಿನಲ್ಲಿಯೂ ಇಡುತ್ತಾರೆ. ಬೇರಿನ ತುದಿಯನ್ನು ಕತ್ತರಿಸಿ, ಬಣ್ಣ ಕಟ್ಟಿ, ಗಾಜಿನ ಮೇಲೆ ಒತ್ತಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಈರುಳ್ಳಿಯ ಕೋಶದಲ್ಲಿರುವ ವರ್ಣತಂತುಗಳು ಕೇವಲ 16; ಅವು ದಪ್ಪನಾಗಿರುವುದರಿಂದ ತುಂಡಾದುದೂ ಒಂದಕ್ಕೊಂದು ಸಿಕ್ಕಿಕೊಂಡುದೂ ಕಣ್ಣಿಗೆ ಕಾಣುತ್ತದೆ.

ಎರಡನೆಯದು ಅಮೆರಿಕದ ಬ್ರೂಸ್ ಏಮ್ಸ್ 1970ರ ದಶಕದಲ್ಲಿ ರೂಪಿಸಿದ ಪರೀಕ್ಷೆ. ಹಿಸ್ಟಿಡಿನ್ ಎಂಬ ಪೋಷಕವಸ್ತುವನ್ನು ತಾನೇ ತಯಾರಿಸಿಕೊಳ್ಳಲಾರದ ಸಾಲ್ಮೊನೆಲ್ಲ ಬ್ಯಾಕ್ಟೀರಿಯವನ್ನು ಇದಕ್ಕೆ ಆಯ್ದುಕೊಳ್ಳುತ್ತಾರೆ. ಸಾರವು ವಂಶವಾಹಿಯನ್ನು ಕದಲಿಸುವಂಥದಾದರೆ ಕೆಲವು ಬ್ಯಾಕ್ಟೀರಿಯಗಳಿಗೆ ಕಳೆದುಹೋದ ಶಕ್ತಿ ಮರಳಿ ಬಂದು, ಹಿಸ್ಟಿಡಿನ್ ಇಲ್ಲದೆಡೆಯೂ ಅವು ಗುಂಪುಗುಂಪಾಗಿ ಬೆಳೆಯುತ್ತವೆ. ನುಂಗಿದ ವಸ್ತುವನ್ನು ನಮ್ಮ ಯಕೃತ್ತು ಮಾರ್ಪಡಿಸುತ್ತದೆ. ಆದುದರಿಂದ ಇಲಿಯ ಯಕೃತ್ತಿನ ಸಾರವನ್ನು ಬೆರೆಸಿಯೂ ಪರೀಕ್ಷಿಸುವುದು ಪದ್ಧತಿ.

ಒಂದೇ ಪರೀಕ್ಷೆಯಿಂದ ತೀರ್ಪು ಕೊಡುವುದು ಸಲ್ಲದು. ಈರುಳ್ಳಿಯಲ್ಲಿಯೇ ಇರುವ ಕ್ವರ್ಸೆಟಿನ್ ಎಂಬ ವಸ್ತು ಏಮ್ಸ್ ಪರೀಕ್ಷೆಯಲ್ಲಿ ತಪ್ಪಿತಸ್ಥನಾಗಿ ನಿಲ್ಲುತ್ತದೆ. ಅಷ್ಟರಿಂದಲೇ ನಾವು ಈರುಳ್ಳಿ ಹುಳಿಯನ್ನು ಬಿಡಬೇಕಾಗಿಲ್ಲ. ಆದುದರಿಂದಲೇ ಇಲಿಯ ಮೂಳೆಮಜ್ಜೆಯ ಪರೀಕ್ಷೆ ಮುಂತಾದವನ್ನೂ ನಡೆಸಿ, ಪ್ರಮಾಣವನ್ನು ತೂಗಿ ನೋಡುತ್ತಾರೆ. ನೀರಿನಲ್ಲಿ ಇಳಿಯದ ಅಂಶ ಮದ್ಯಸಾರದಲ್ಲಿ ಇಳಿಯಬಹುದು. ಒಂದೇ ಗಿಡದ ಎರಡು ಸಾರಗಳು ಎರಡು ಬಗೆಯಾಗಿ ನಡೆದುಕೊಳ್ಳುವುದುಂಟು.

ಅರಿಸ್ಟೊಲೋಕಿಕ್ ಆಮ್ಲದ ದೋಷವು ಬ್ಯಾಕ್ಟೀರಿಯಗಳಲ್ಲಿಯೂ ಇಲಿಗಳಲ್ಲಿಯೂ 1980ರ ದಶಕದಲ್ಲಿಯೇ ಕಂಡುಬಂದಿತ್ತು. ಬ್ರಸೆಲ್ಸಿನ ಹೆಂಗಸರಿಗೆ ಆ ಅರಿವು ಒದಗಲಿಲ್ಲ. ಪೊಟ್ಟಣದೊಳಗೆ ಇರುವ ಬೇರು ಯಾವುದೆಂಬುದೇ ತಿಳಿಯದಿದ್ದ ಮೇಲೆ ಪರೀಕ್ಷೆಯ ಫಲದಿಂದ ಏನು ಪ್ರಯೋಜನ?

ಇದು ದೂರದೇಶದ ಕಥೆಯಷ್ಟೇ ಅಲ್ಲ. ಹಾವು ಕಚ್ಚಿದವರಿಗೆ ಹಳ್ಳಿಗಳಲ್ಲಿ ಕೊಡುತ್ತ ಬಂದಿರುವ ಈಶ್ವರಿ ಬೇರು ಈ ಅರಿಸ್ಟೊಲೋಕಿಯ ಕುಲದ್ದೇ; ಅದರಲ್ಲಿಯೂ ಆ ಆಮ್ಲವಿದೆ. ಈ ಕುಲದ ಸಸ್ಯಗಳು ಸೇರಿದ ಮದ್ದುಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2002ರಲ್ಲಿ, ಮನುಷ್ಯನಿಗೆ ಕ್ಯಾನ್ಸರ್ ತರುವುದು ನಿಶ್ಚಿತವೆಂಬ ವರ್ಗಕ್ಕೆ ಸೇರಿಸಿತು. ಹಾವು ಕಚ್ಚಿದರೆ ಆಸ್ಪತ್ರೆಯ ಪ್ರತಿವಿಷವೇ ಗತಿ. ಬೇರು ಅರೆಯುತ್ತ ಕುಳಿತರೆ ಹೊತ್ತು ಕಳೆದೀತು.

ಹಿತ್ತಿಲ ಗಿಡ ಮದ್ದಲ್ಲವೆಂದು ಗಾದೆ ಹಳಿಯುತ್ತದೆ. ಮದ್ದು ಹೌದಾದ ಗಿಡಗಳೂ ಬೇಕಾದಷ್ಟಿವೆ. ಅವುಗಳನ್ನು ಒರೆಗೆ ಹಚ್ಚಿದರೆ ಹಿರಿಯರಿಗೆ ಅಗೌರವವಾಗುವುದಿಲ್ಲ. ಅವರ ಕಣ್ಣಿಗೆ ಎಟುಕದ ಕಾಲದ ಫಲವನ್ನು ಅವರ ಪರವಾಗಿ ನಾವು ನೋಡಿದಂತಾಗುತ್ತದೆ.