ಇಂಗ್ಲಿಷಿನ ‘ಹ್ಯಾಡ್’ ಎಲ್ಲಿ ಬೇಕು, ಎಲ್ಲಿ ಬೇಡ

ನಮ್ಮ ವಾಚನಾಲಯಕ್ಕೆ ಸಂಜೆ ಪಾಳಿ ಮುಗಿಸಿ ಬರುವ ಬಂಧುಗಳು ಪತ್ರಿಕೆಯ ಜೊತೆಗೆ ಒಂದೊಂದು ಇಂಗ್ಲಿಷ್ ಅರ್ಜಿಯನ್ನೂ ತರುವುದುಂಟು. ಅದನ್ನು ನೋಡಿಕೊಡುವ ಕೆಲಸ ನಮ್ಮ ಪಾಲಿಗೆ ಬಂದಿದೆ. ಈ ಕಾಗದಗಳಲ್ಲಿ ಕಾಗುಣಿತಕ್ಕಿಂತ ಹೆಚ್ಚಾಗಿ ತೊಡಕಾಗಿರುವುದು ಭೂತಕಾಲ. ಅದರಲ್ಲಿಯೂ ‘ಹ್ಯಾಡ್’ ಎಂಬ ಪದ ಸಾರಿಗೆ ಉಪ್ಪು ಹೆಚ್ಚಾದಂತೆ ಎಲ್ಲೆಲ್ಲೂ ಬಿದ್ದಿರುತ್ತದೆ.

ಇದಕ್ಕೆ ಕಾರಣ ದಡ್ಡತನವಲ್ಲ, ನಮ್ಮ ಕನ್ನಡವೇ. ‘ನಿನ್ನೆ ಡಾಕ್ಟರ ಹತ್ತಿರ ಹೋಗಿದ್ದೆ’ ಎನ್ನುವುದು ನಮ್ಮ ರೂಢಿ. ಬರಿಯ ‘ಹೋದೆ’ ಎಂದರೆ ಕೇಳುವವರು ‘ಆಮೇಲೆ?’ ಎಂದು ಕಾಯುತ್ತಾರೆ. ಹೋಗಿ ಬಂದದ್ದಾಯಿತೆಂಬುದನ್ನು ಆ ‘ಇದ್ದೆ’ ಹೇಳುತ್ತದೆ. ಅದನ್ನೇ ‘ಹ್ಯಾಡ್’ ಮಾಡಿ ‘ಐ ಹ್ಯಾಡ್ ಗಾನ್ ಟು ದಿ ಡಾಕ್ಟರ್ ಯೆಸ್ಟರ್‌ಡೇ’ ಎಂದು ಬರೆಯುವುದು. ಪಕ್ಕದ ಮೇಜಿನ ಗುಜರಾತಿ ಸ್ನೇಹಿತರ ಅರ್ಜಿ ನೋಡಿ ತಿದ್ದಿಕೊಳ್ಳೋಣವೆಂದರೆ, ಅವರಿಗೂ ‘ಹುಂ ಗಯೋ ಹತೋ’ ಎಂಬುದೇ ರೂಢಿ. ಅಲ್ಲಿಯೂ ಅದೇ ‘ಹ್ಯಾಡ್ ಗಾನ್’!

ಇಂಗ್ಲಿಷಿನ ಲೆಕ್ಕ ಬೇರೆ. ಕೆಲಸ ಮುಗಿದು, ಅದು ನಡೆದ ದಿನವನ್ನೋ ವರ್ಷವನ್ನೋ ಹೇಳಿದರೆ ಸಾದಾ ಭೂತಕಾಲವೇ ಸಾಕು: ‘ಐ ವೆಂಟ್ ಯೆಸ್ಟರ್‌ಡೇ’. ಸಯಾಜಿರಾವ್ ಮಹಾರಾಜರು 1906ರಲ್ಲಿ ಇದೇ ಬರೋಡಾ ಸಂಸ್ಥಾನದಲ್ಲೆಲ್ಲ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದರು. ಅಷ್ಟು ಹಿಂದಿನ ಸಂಗತಿಗೂ ‘ಮೇಡ್’ ಎನ್ನಬೇಕೇ ಹೊರತು ‘ಹ್ಯಾಡ್ ಮೇಡ್’ ಎಂದಲ್ಲ. ಹಳೆಯದಾದಷ್ಟೂ ‘ಹ್ಯಾಡ್’ ಬೇಕೆಂಬುದು ಬರಿಯ ಭ್ರಮೆ.

ಹಾಗಾದರೆ ‘ಹ್ಯಾಡ್’ ಯಾವಾಗ? ಹಿಂದೆ ನಡೆದ ಎರಡು ಸಂಗತಿಗಳಲ್ಲಿ ಯಾವುದು ಮೊದಲು ಎಂಬುದು ತಿಳಿಯಬೇಕಾದಾಗ. ಇಲ್ಲಿ ಅನ್ನದ ಪ್ರಶ್ನೆಯೇ ಇದೆ. ಮಕರಪುರದ ಯಾವುದೋ ಕಾರ್ಖಾನೆಯಲ್ಲಿ ಯಂತ್ರ ಕೆಟ್ಟು, ನಡೆಸುತ್ತಿದ್ದವನಿಗೆ ಮೆಮೋ ಬಂತೆನ್ನಿ. ಅವನು ಉತ್ತರದಲ್ಲಿ ‘ವೆನ್ ದಿ ಸೂಪರ್‌ವೈಸರ್ ಕೇಮ್, ಐ ಸ್ಟಾಪ್ಡ್ ದಿ ಮೆಷಿನ್’ ಎಂದು ಬರೆದರೆ, ಸೂಪರ್‌ವೈಸರು ಬಂದ ಮೇಲೆ ನಿಲ್ಲಿಸಿದನೆಂದು ಓದುವರು. ಅಲ್ಲಿಯ ತನಕ ಕೆಟ್ಟ ಯಂತ್ರವನ್ನು ಓಡಿಸುತ್ತಿದ್ದನೆಂದಾಯಿತು. ‘ಐ ಹ್ಯಾಡ್ ಸ್ಟಾಪ್ಡ್’ ಎಂದರೋ, ಅವರು ಬರುವ ಮೊದಲೇ ನಿಲ್ಲಿಸಿಯಾಗಿತ್ತು. ಆ ಒಂದು ಪದ ಅವನ ತಲೆಯ ಮೇಲಿನ ತಪ್ಪನ್ನು ಇಳಿಸಬಲ್ಲದು. ಆದರೆ ಸಾಲುಸಾಲಿಗೂ ‘ಹ್ಯಾಡ್’ ಚೆಲ್ಲಿದ ಕಾಗದದಲ್ಲಿ ಬೇಕಾದ ‘ಹ್ಯಾಡ್’ ಯಾರ ಕಣ್ಣಿಗೂ ಬೀಳದು. ಬೇಡದಲ್ಲಿ ಬಿಡಿರೆಂದು ನಾವು ಹೇಳುವುದು ಅದಕ್ಕಾಗಿಯೇ. ‘ಬಿಫೋರ್’, ‘ಆಫ್ಟರ್’ ಎಂಬ ಮಾತುಗಳಿದ್ದಲ್ಲಿ ಹಿಂದುಮುಂದು ತಾನೇ ತಿಳಿಯುವುದರಿಂದ ಅದಿಲ್ಲದೆಯೂ ನಡೆಯುತ್ತದೆ.

‘ಹ್ಯಾವ್’ ಇನ್ನೊಂದು ಬಗೆ. ‘ಐ ವರ್ಕ್ಡ್ ಹಿಯರ್ ಫಾರ್ ಫೈವ್ ಇಯರ್ಸ್’ ಎಂದರೆ ಐದು ವರ್ಷ ದುಡಿದು ಬಿಟ್ಟೆನೆಂದೇ ತಿಳಿಯುವರು. ಇನ್ನೂ ಕೆಲಸದಲ್ಲಿರುವವರು ಬಡ್ತಿಯ ಅರ್ಜಿಯಲ್ಲಿ ‘ಐ ಹ್ಯಾವ್ ವರ್ಕ್ಡ್’ ಎನ್ನಬೇಕು. ‘ಐದು ವರ್ಷದಿಂದ ಮಾಡುತ್ತಿದ್ದೇನೆ’ ಎಂಬುದನ್ನು ‘ಐ ಆಮ್ ವರ್ಕಿಂಗ್ ಸಿನ್ಸ್ ಫೈವ್ ಇಯರ್ಸ್’ ಎಂದು ಮಾಡುವುದೂ ಸಲ್ಲದು. ಎಷ್ಟು ಕಾಲ ಎಂಬುದಕ್ಕೆ ‘ಫಾರ್’, ಎಂದಿನಿಂದ ಎಂಬುದಕ್ಕೆ ‘ಸಿನ್ಸ್’. ಇನ್ನು ‘ಯೆಸ್ಟರ್‌ಡೇ’ ಬಂದೊಡನೆ ‘ಹ್ಯಾವ್’ ಹೊರಗೆ. ‘ಐ ಹ್ಯಾವ್ ಸಬ್ಮಿಟೆಡ್ ಇಟ್ ಯೆಸ್ಟರ್‌ಡೇ’ ಎಂಬ ವಾಕ್ಯ ಗುಮಾಸ್ತ ಬಂಧುಗಳ ಕಾಗದಗಳಲ್ಲಿಯೇ ಹೆಚ್ಚು. ‘ಐ ಸಬ್ಮಿಟೆಡ್’ ಎಂದರೆ ಸರಿಯಾಯಿತು.

‘ಡಿಡ್ ನಾಟ್ ವೆಂಟ್’ ಎಂಬುದನ್ನು ಸರಿಪಡಿಸಲು ಮಾತ್ರ ಕನ್ನಡವೇ ಕೈಹಿಡಿಯುತ್ತದೆ. ‘ಹೋದೆ’ ಎನ್ನುವ ನಾವು ‘ಇಲ್ಲ’ ಎನ್ನುವಾಗ ‘ಹೋಗಲಿಲ್ಲ’ ಎನ್ನುತ್ತೇವಷ್ಟೆ. ‘ಹೋದೆ’ಯ ಗುರುತು ಅಲ್ಲಿ ಉಳಿಯುವುದಿಲ್ಲ. ಹಾಗೆಯೇ ‘ಡಿಡ್ ನಾಟ್’ ಆದಮೇಲೆ ‘ವೆಂಟ್’ ಹೋಗಿ ‘ಗೋ’ ಬರುತ್ತದೆ.

ಅರ್ಜಿ ತರುವವರು ಮೊದಲು ಪೆನ್ಸಿಲಿನಲ್ಲಿ ಬರೆದು ತರಬೇಕಾಗಿ ಕೋರುತ್ತೇವೆ. ಮೆಮೋಗೆ ಉತ್ತರವಾದರೆ ಆ ಮೆಮೋವನ್ನೂ ಜೊತೆಗೆ ತನ್ನಿರಿ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಅದನ್ನು ನೋಡದೆ ಹೇಳಲಾಗದು.