ಮನೆಯ ಮೌನ ಮತ್ತು ತರಗತಿಯ ಪ್ರಶ್ನೆ

ಒಂಬತ್ತನೆಯ ತರಗತಿಗೆ 'ನಮ್ಮ ವಂಶವೃಕ್ಷ' ಎಂಬ ಚಟುವಟಿಕೆಯನ್ನು ಕೊಟ್ಟಿದ್ದೇವೆ ಎಂದುಕೊಳ್ಳೋಣ. ಎಲ್ಲರೂ ಬರೆದು ತಂದಿದ್ದಾರೆ. ಒಬ್ಬ ವಿದ್ಯಾರ್ಥಿಯ ಹಾಳೆಯಲ್ಲಿ ಮಾತ್ರ ತಂದೆಯ ಹೆಸರಿನ ಮೇಲೆ ಏನೂ ಇಲ್ಲ. ಅಜ್ಜನ ಊರನ್ನು ಕೇಳಿದರೆ ತಲೆ ತಗ್ಗಿಸುತ್ತಾನೆ. ಮರುದಿನ ಶಾಲೆಗೇ ಬರುವುದಿಲ್ಲ. ಇದನ್ನು ಅಲಕ್ಷ್ಯವೆಂದು ಷರಾ ಬರೆಯುವ ಮುನ್ನ, ಆ ಮೌನಕ್ಕೆ ಒಂದು ಇತಿಹಾಸವಿರಬಹುದೆಂದು ಶಿಕ್ಷಕರು ಯೋಚಿಸಬೇಕು.

1871ರಲ್ಲಿ ಬ್ರಿಟಿಷ್ ಸರಕಾರವು ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಜಾರಿಗೆ ತಂದಿತು. ಮುಂದೆ 1911 ಮತ್ತು 1924ರಲ್ಲಿ ಅದು ವಿಸ್ತಾರಗೊಂಡಿತು. ಒಬ್ಬನು ಮಾಡಿದ ತಪ್ಪಿಗಾಗಿ ಅಲ್ಲ, ಹುಟ್ಟಿದ ಸಮುದಾಯಕ್ಕಾಗಿಯೇ ಮನುಷ್ಯನನ್ನು ಅಪರಾಧಿಯೆಂದು ದಾಖಲಿಸಿದ ಕಾನೂನು ಅದು. ಹಾಜರಿ ಕೊಡಬೇಕು, ಊರು ಬಿಡಲು ಪರವಾನಿಗೆ ಬೇಕು. ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಲೂ ಅದರಲ್ಲಿ ಅವಕಾಶವಿತ್ತು. ನಮ್ಮ ಗಡಿಭಾಗದ ಸೋಲಾಪುರದಲ್ಲಿಯೂ ಇಂಥ ಕುಟುಂಬಗಳನ್ನು ಕೂಡಿಹಾಕಿದ ವಸಾಹತು ಇತ್ತು. 'ಸೆಟ್ಲ್‌ಮೆಂಟ್' ಎಂಬ ಪದ ಅಲ್ಲಿಯ ಬಡಾವಣೆಯ ಹೆಸರಿನಲ್ಲಿ ಇಂದಿಗೂ ಉಳಿದಿದೆ. 1952ರ ಆಗಸ್ಟ್ 31ರಂದು ಕಾಯಿದೆ ರದ್ದಾಯಿತು. ಆ ಸಮುದಾಯಗಳು 'ವಿಮುಕ್ತ'ರೆನಿಸಿದವು. ಆದರೆ ಕಾನೂನು ಹೋದಷ್ಟು ಬೇಗ ಜನರ ಸಂಶಯ ಹೋಗಲಿಲ್ಲ.

ಆದ್ದರಿಂದಲೇ ಕೆಲವು ಕುಟುಂಬಗಳು ಅಡ್ಡಹೆಸರನ್ನು ಬದಲಿಸಿಕೊಂಡವು, ಮನೆಮಾತನ್ನು ಬೀದಿಯಲ್ಲಿ ಆಡದಾದವು. ಹಿರಿಯರ ಪಾಲಿಗೆ ಇದು ಮಕ್ಕಳನ್ನು ಕಾಯುವ ಉಪಾಯ. ಹದಿಹರೆಯದ ಮಗುವಿಗೆ ಮಾತ್ರ ಬೇರೆಯೇ ಅರ್ಥ ಹೊಳೆಯುತ್ತದೆ: ಮುಚ್ಚಿಡುವಂಥದ್ದು ಇದೆಯೆಂದರೆ ನಮ್ಮವರು ನಿಜವಾಗಿಯೂ ಕೆಟ್ಟವರಿರಬೇಕು. 'ನಾನು ಯಾರು?' ಎಂಬ ಪ್ರಶ್ನೆ ಏಳುವ ವಯಸ್ಸಿನಲ್ಲಿಯೇ ಅದಕ್ಕೆ ಉತ್ತರ ಹೇಳುವ ಮನೆ ಬಾಯಿ ಮುಚ್ಚಿಕೊಂಡಿರುತ್ತದೆ. ಗೆಳೆಯರನ್ನು ಮನೆಗೆ ಕರೆಯದಿರುವುದು, ವಿಳಾಸ ಹೇಳಲು ತಡವರಿಸುವುದು, ತರಗತಿಯಲ್ಲಿ ಏನಾದರೂ ಕಳೆದಾಗ ಯಾರೂ ಕೇಳುವ ಮೊದಲೇ ಬೆದರುವುದು ಇದರ ಕುರುಹುಗಳಾಗಿರಬಹುದು.

ಇಲ್ಲಿ ಶಿಕ್ಷಕರ ಮೊದಲ ಕರ್ತವ್ಯ ಕೆದಕದಿರುವುದು. ಗುಟ್ಟು ಕುಟುಂಬದ್ದು, ಅದನ್ನು ಬಿಡಿಸುವ ಅಧಿಕಾರ ನಮಗಿಲ್ಲ. ವಂಶವೃಕ್ಷದ ಬದಲಿಗೆ 'ನಾನು ಗೌರವಿಸುವ ಹಿರಿಯರು' ಎಂಬ ವಿಷಯವನ್ನೂ ಆಯ್ದುಕೊಳ್ಳುವ ಅವಕಾಶ ಎಲ್ಲ ಮಕ್ಕಳಿಗೂ ಇರಲಿ. ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ ಜಾತಿಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಬಾರದು. ಪಾಲಕರೊಡನೆ ಪ್ರತ್ಯೇಕವಾಗಿ ಮಾತಾಡಬೇಕು. ವಸ್ತು ಕಳೆದಾಗ ಒಬ್ಬನ ಚೀಲವನ್ನಷ್ಟೇ ತಡಕುವುದು ಹಳೆಯ ಕಾಯಿದೆಗೆ ಮತ್ತೆ ಜೀವ ಕೊಟ್ಟಂತೆ.

ಎರಡನೆಯ ಕರ್ತವ್ಯ ಕಲಿಸುವುದು. ಸ್ವಾತಂತ್ರ್ಯ ಚಳವಳಿಯ ಪಾಠದೊಡನೆ ಈ ಕಾಯಿದೆಯನ್ನೂ ಇಡೀ ತರಗತಿಗೆ ವಿವರಿಸೋಣ, ಯಾರತ್ತವೂ ನೋಡದೆ. ಲಕ್ಷ್ಮಣ ಗಾಯಕವಾಡರು ಇಂಥದೇ ಸಮುದಾಯದಲ್ಲಿ ಹುಟ್ಟಿ, 'ಉಚಲ್ಯಾ' ಎಂಬ ಮರಾಠಿ ಆತ್ಮಕಥೆ ಬರೆದು, 1988ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರೆಂಬುದನ್ನೂ ಹೇಳೋಣ. ಹಿಂದಿನ ಬೆಂಚಿನಲ್ಲಿ ಕುಳಿತ ಆ ಹುಡುಗ ಏನೂ ಹೇಳದಿರಬಹುದು. ಆದರೆ ನಾಚಬೇಕಾದದ್ದು ತನ್ನ ಮುತ್ತಜ್ಜನಲ್ಲ, ಆ ಕಾನೂನು ಎಂದು ಅವನಿಗೆ ತಿಳಿದಿರುತ್ತದೆ.