ಊಟದ ಕರೆಗೆ ಮಂದವಾಗುವ ಸ್ನಾಯು

ವಯಸ್ಸಾದವರ ತೊಡೆ, ತೋಳು ಸೊರಗುವುದನ್ನು ಕಂಡರೆ ಅವರ ದೇಹ ಪ್ರೋಟೀನ್ ಕಟ್ಟುವ ಕೆಲಸವನ್ನೇ ನಿಧಾನಿಸಿದೆ ಎನ್ನಿಸುತ್ತದೆ. ಬ್ರಿಟನ್ನಿನ ಮೈಕೇಲ್ ರೆನ್ನಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದೇ ಬೇರೆ. ಖಾಲಿ ಹೊಟ್ಟೆಯಲ್ಲಿ ಯುವಕರ ಸ್ನಾಯುವಿಗೂ ಎಪ್ಪತ್ತರ ಆಸುಪಾಸಿನವರ ಸ್ನಾಯುವಿಗೂ ಪ್ರೋಟೀನ್ ಕಟ್ಟುವ ವೇಗದಲ್ಲಿ ಹೆಚ್ಚಿನ ಅಂತರವಿರಲಿಲ್ಲ. ಅಮೈನೋ ಆಮ್ಲ ಕುಡಿಸಿದ ಮೇಲೆ ಯುವಕರಲ್ಲಿ ಕಟ್ಟುವ ಕೆಲಸ ಚುರುಕಾಯಿತು; ಹಿರಿಯರಲ್ಲಿ ಅಷ್ಟು ಚುರುಕಾಗಲಿಲ್ಲ.

ಅಂದರೆ ಹಳೆಯ ಸ್ನಾಯುವಿಗೆ ಊಟದ ಕರೆ ಕೇಳಿಸುವುದು ಕಷ್ಟ, ಕಿವಿ ಮಂದವಾದವರಿಗೆ ದನಿ ಏರಿಸಿ ಹೇಳಬೇಕಾದ ಹಾಗೆ.

ಈ ಕರೆಯಲ್ಲಿ ಮುಖ್ಯವಾದದ್ದು ಲ್ಯೂಸಿನ್ ಎಂಬ ಅಮೈನೋ ಆಮ್ಲ. ಅದು ಜೀವಕೋಶದ ಎಂಟಾರ್ ಎಂಬ ಪ್ರೋಟೀನನ್ನು ಎಚ್ಚರಿಸಿದರೆ, ಹೊಸ ಸ್ನಾಯು ಪ್ರೋಟೀನ್ ಹೆಣೆಯುವ ಕೆಲಸ ಶುರುವಾಗುತ್ತದೆ. ಹಿರಿಯರಲ್ಲಿ ಈ ಸರಣಿಯೇ ದುರ್ಬಲ. ಸಾಲದ್ದಕ್ಕೆ, ಉಂಡ ಲ್ಯೂಸಿನ್‌ನಲ್ಲಿ ಯುವಕರಿಗಿಂತ ಹೆಚ್ಚು ಪಾಲನ್ನು ಕರುಳು, ಯಕೃತ್ತುಗಳೇ ಹಿಡಿದಿಟ್ಟುಕೊಳ್ಳುತ್ತವೆ.

ಎಷ್ಟು ದನಿ ಏರಿಸಬೇಕು? 2015ರ ಒಂದು ವಿಶ್ಲೇಷಣೆಯ ಪ್ರಕಾರ ಯುವಕರ ಸ್ನಾಯು ಪೂರ್ತಿ ಸ್ಪಂದಿಸಲು ಒಂದು ಹೊತ್ತಿಗೆ ದೇಹತೂಕದ ಪ್ರತಿ ಕಿಲೋಗೆ 0.24 ಗ್ರಾಂ ಪ್ರೋಟೀನ್ ಸಾಕು, ಹಿರಿಯರಿಗೆ ಸುಮಾರು 0.40 ಗ್ರಾಂ ಬೇಕು. 60 ಕಿಲೋ ತೂಗುವವರಿಗೆ ಅದು 14 ಮತ್ತು 24 ಗ್ರಾಂ. ನಮ್ಮ ಮನೆಗಳಲ್ಲಿ ಅಜ್ಜ ಅಜ್ಜಿಯರು ರಾತ್ರಿ ಒಂದು ಲೋಟ ರಾಗಿ ಗಂಜಿ ಕುಡಿದು ಮಲಗುವುದುಂಟು. 100 ಗ್ರಾಂ ರಾಗಿ ಹಿಟ್ಟಿನಲ್ಲಿರುವುದೇ ಏಳು ಗ್ರಾಂ ಆಸುಪಾಸಿನ ಪ್ರೋಟೀನ್. ಒಂದು ಲೋಟ ಗಂಜಿಗೆ ಅಷ್ಟು ಹಿಟ್ಟೂ ಬೀಳುವುದಿಲ್ಲ. ಜೊತೆಗೆ ಕಾಳು, ಮೊಸರು, ಮೊಟ್ಟೆ ಸೇರಲೇಬೇಕು. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಆದರೆ ತಟ್ಟೆಯೊಂದೇ ಸಾಲದು. ಸ್ನಾಯುವನ್ನು ಇನ್ನಷ್ಟು ಮಂದ ಮಾಡುವುದು ನಿಶ್ಚಲತೆ. 2007ರ ಅಮೆರಿಕನ್ ಅಧ್ಯಯನವೊಂದರಲ್ಲಿ ಆರೋಗ್ಯವಂತ ಹಿರಿಯರು ಬರೀ ಹತ್ತು ದಿನ ಹಾಸಿಗೆಯಲ್ಲಿದ್ದು, ಕಾಲುಗಳ ಕೊಬ್ಬುರಹಿತ ತೂಕದಲ್ಲಿ ಸರಾಸರಿ ಒಂದು ಕಿಲೋದಷ್ಟು ಕಳೆದುಕೊಂಡರು. “ವಯಸ್ಸಾಯಿತು, ಕೂತಿರಿ” ಎಂಬ ಪ್ರೀತಿಯ ಮಾತು ಎಷ್ಟು ದುಬಾರಿ ಎಂದು ಮನೆಮಂದಿ ಯೋಚಿಸಬೇಕು.

ಭಾರ ಎತ್ತಿದರೆ ಅದೇ ಸ್ನಾಯು ಮತ್ತೆ ಚುರುಕಾಗುತ್ತದೆ. 1990ರಲ್ಲಿ ಬಾಸ್ಟನ್‌ನ ಮರಿಯಾ ಫಿಯಟರೋನ್ ವರದಿ ಮಾಡಿದ ಪ್ರಯೋಗದಲ್ಲಿ ಇದ್ದವರು 86ರಿಂದ 96 ವರ್ಷದ, ವೃದ್ಧಾಶ್ರಮವಾಸಿಗಳಾದ ಹತ್ತು ಮಂದಿ. ಎಂಟು ವಾರ ಕಾಲಿನಿಂದ ಭಾರ ಎತ್ತಿದ ಮೇಲೆ, ತರಬೇತಿ ಮುಗಿಸಿದವರ ಶಕ್ತಿ ಸರಾಸರಿ ಶೇ. 174ರಷ್ಟು ಏರಿತು, ತೊಡೆಯ ನಡುಭಾಗದ ಸ್ನಾಯು ಶೇ. 9ರಷ್ಟು ಹಿಗ್ಗಿತು. ತರಬೇತಿ ನಿಲ್ಲಿಸಿದ ನಾಲ್ಕೇ ವಾರದಲ್ಲಿ ಶಕ್ತಿ ಶೇ. 32ರಷ್ಟು ಇಳಿದದ್ದೂ ಅದೇ ವರದಿಯಲ್ಲಿದೆ.